ವಾರ್ಮಿಂಟ್ ಬೇಟೆಯ ರೈಫಲ್‌ಗೆ ನಳಿಗೆ ಎಷ್ಟು ಉದ್ದ ಇರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ರೈಫಲ್ ಕೊಳ್ಳಲು ಹೊರಟವರು ಯಾವ ತೋಟಾ ಅನ್ನುವುದಕ್ಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ನಳಿಗೆಯ ಉದ್ದಕ್ಕೆ ಐದು ನಿಮಿಷವೂ ಕೊಡುವುದಿಲ್ಲ. ಆಮೇಲೆ ಮುಳ್ಳುತಂತಿ ಬೇಲಿ ನುಸುಳುವಾಗ, ಜೀಪಿನ ಬಾಗಿಲಲ್ಲಿ ಮೂತಿ ಸಿಕ್ಕಿಕೊಂಡಾಗ ಅದು ನೆನಪಾಗುತ್ತದೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ. ಅಳತೆಗಳೆಲ್ಲ ಇಂಚು, ಗಜ, ಅಡಿ. ಗುಂಡಿನ ತೂಕ ಗ್ರೇನ್ ಲೆಕ್ಕದಲ್ಲಿ. ಒಂದು ಗ್ರಾಂ ಅಂದರೆ ಸುಮಾರು 15.4 ಗ್ರೇನ್.

## ಮೊದಲು ತಿಳಿಯಬೇಕಾದ್ದು

ವಾರ್ಮಿಂಟ್ ಅಂದ್ರೆ ಯಾವ ಪ್ರಾಣಿ? ಅದಕ್ಕೆ ಬೇರೆ ರೈಫಲ್ಲೇ ಬೇಕಾ?

ಅದು ಒಂದು ಪ್ರಾಣಿಯ ಹೆಸರಲ್ಲ. ಬೆಳೆಗೆ, ಹುಲ್ಲುಗಾವಲಿಗೆ, ಕುರಿ ಕೋಳಿಗೆ ಕಾಟ ಕೊಡುವ ಸಣ್ಣ ಪ್ರಾಣಿಗಳಿಗೆಲ್ಲ ಅಮೆರಿಕದಲ್ಲಿ ಹೇಳುವ ಮಾತು. ಪಶ್ಚಿಮದ ಬಯಲಿನಲ್ಲಿ ಪ್ರೇರಿ ಡಾಗ್ ಇದೆ. ಹೆಸರಲ್ಲಿ ಮಾತ್ರ ನಾಯಿ, ನಿಜವಾಗಿ ಬಿಲ ತೋಡುವ ಅಳಿಲಿನ ಬಳಗ. ಪೂರ್ವದ ಹುಲ್ಲಿನ ಹೊಲಗಳಲ್ಲಿ ಗ್ರೌಂಡ್‌ಹಾಗ್, ಅದೇ ಬಳಗದ ದೊಡ್ಡ ಪ್ರಾಣಿ. ನರಿಗೂ ತೋಳಕ್ಕೂ ನಡುವೆ ಇರುವಂಥ ಕಯೋಟಿ ಬಹುಪಾಲು ಎಲ್ಲ ಕಡೆ.

ಇವುಗಳಿಗೆ ದೊಡ್ಡ ಗುಂಡು ಬೇಡ. ಹಗುರವಾದ, ವೇಗವಾದ, ತಾಗಿದ ಕೂಡಲೇ ಒಡೆದು ಚೂರಾಗುವ ಗುಂಡು ಸಾಕು. ಆದರೆ ಗುರಿ ಚಿಕ್ಕದು. ನಿಂತ ಪ್ರೇರಿ ಡಾಗಿನ ಅಗಲ ಮೂರು ನಾಲ್ಕು ಇಂಚು, ದೂರ ಹಲವು ಸಲ 200 ಗಜಕ್ಕೂ ಮೇಲೆ. ಅದಕ್ಕೇ ನೇರವಾಗಿ ಹಾರುವ ತೋಟಾ, ದಪ್ಪ ನಳಿಗೆ, ದೊಡ್ಡ ಸ್ಕೋಪ್ ಇರುವ ರೈಫಲ್‌ಗಳೇ ಬೇರೆ ಗುಂಪಾಗಿ ಬೆಳೆದವು.

ಸುತ್ತಿ ಬಳಸಿ ಬೇಡ, ಎಷ್ಟು ಇಂಚು ತಗೊಳ್ಲಿ ಹೇಳಿಬಿಡಿ.

ಸರಿ. ಒಂದೇ ಜಾಗದಲ್ಲಿ ಕೂತು ಹೊಡೆಯುವುದಾದರೆ 24 ಅಥವಾ 26. ನಡೆದು, ಬಾಗಿ, ಪೊದೆಯಲ್ಲಿ ಅಡಗಿ ಹೊಡೆಯುವುದಾದರೆ 20 ಅಥವಾ 22. ಮೂತಿಗೆ ಸಪ್ರೆಸರ್, ಅಂದರೆ ಸದ್ದು ತಗ್ಗಿಸುವ ಕೊಳವೆ, ಹಾಕುವುದಾದರೆ 16ರಿಂದ 20.

ಇಲ್ಲಿ ತೋಟಾದ ಹೆಸರು ನಾನು ಹೇಳಲಿಲ್ಲ, ಗಮನಿಸಿದಿರಾ? ಬೇಕೆಂತಲೇ ಬಿಟ್ಟೆ. ಎಲ್ಲರೂ ಮೊದಲು ಕೇಳುವುದು ವೇಗದ ಬಗ್ಗೆ. ಉದ್ದವನ್ನು ತೀರ್ಮಾನಿಸಬೇಕಾದದ್ದು ನೀವು ಆ ರೈಫಲ್ಲನ್ನು ಹೇಗೆ ಹೊರುತ್ತೀರಿ, ಎಲ್ಲಿ ಊರುತ್ತೀರಿ ಅನ್ನುವುದು. ವೇಗದ ಲೆಕ್ಕ ಅದರ ನಂತರದ್ದು. ಯಾಕೆ ಅಂತ ಮುಂದೆ ಅಂಕಿ ಸಮೇತ ಹೇಳುತ್ತೇನೆ.

ನಳಿಗೆಯ ಉದ್ದ ಎಲ್ಲಿಂದ ಎಲ್ಲಿಗೆ ಅಳೀಬೇಕು? ಹೊರಗೆ ಕಾಣೋ ಭಾಗ ಮಾತ್ರನಾ?

ಅಲ್ಲ. ತೋಟಾ ಕೂರುವ ಚೇಂಬರ್ ಕೂಡ ನಳಿಗೆಯ ಲೆಕ್ಕಕ್ಕೇ ಬರುತ್ತದೆ. ರೈಫಲ್ ಖಾಲಿ ಇದೆ ಅಂತ ಎರಡು ಸಲ ನೋಡಿ. ಚೇಂಬರಿನ ಹಿಂಬಾಗಿಲಾದ ಬೋಲ್ಟ್ ಮುಚ್ಚಿ. ಮೂತಿಯಿಂದ ತೆಳ್ಳನೆಯ ಮರದ ಕಡ್ಡಿಯೊಂದನ್ನು ಬೋಲ್ಟ್ ಮುಖಕ್ಕೆ ತಾಗುವ ತನಕ ಇಳಿಬಿಡಿ. ಮೂತಿಯ ಮಟ್ಟಕ್ಕೆ ಗುರುತು ಹಾಕಿ ಹೊರತೆಗೆದು ಅಳೆಯಿರಿ. ತಿರುಗಿಸಿ ಬಿಚ್ಚಬಹುದಾದ ಮಜಲ್ ಬ್ರೇಕ್ (ಹಿನ್ನೆಗೆತ ತಗ್ಗಿಸಲು ಮೂತಿಗೆ ಹಾಕುವ ತುಂಡು) ಇದ್ದರೆ ಅದು ಲೆಕ್ಕಕ್ಕಿಲ್ಲ.

ಉದ್ದ ನಳಿಗೆ ಇದ್ರೆ ಗುರಿ ಪಕ್ಕಾ ಅಂತಾರೆ, ನಿಜಾನಾ?

ಇದು ಬಹಳ ಹಳೆಯ ನಂಬಿಕೆ. ಒಂದು ಕಾಲಕ್ಕೆ ಅರ್ಥವೂ ಇತ್ತು. ಸ್ಕೋಪ್ ಇಲ್ಲದ ಕೋವಿಯಲ್ಲಿ ಹಿಂದಿನ ಗುರಿಕಣ್ಣಿಗೂ ಮುಂದಿನದಕ್ಕೂ ದೂರ ಜಾಸ್ತಿ ಇದ್ದಷ್ಟು ಗುರಿ ಹಿಡಿಯುವ ತಪ್ಪು ಕಡಿಮೆ. ಉದ್ದ ನಳಿಗೆ ಆ ದೂರವನ್ನು ಕೊಡುತ್ತಿತ್ತು. ಸ್ಕೋಪ್ ಬಂದ ಮೇಲೆ ಆ ಲಾಭ ಇಲ್ಲ.

ಗುಂಡುಗಳು ಒಂದೇ ಕಡೆ ಗುಂಪಾಗಿ ಬೀಳುವುದಕ್ಕೂ ಉದ್ದಕ್ಕೂ ನೇರ ನಂಟಿಲ್ಲ. ನೋಡಿದರೆ ಉಲ್ಟಾ ಇದೆ. ಅದೇ ದಪ್ಪದ ನಳಿಗೆ 26ರಿಂದ 20 ಇಂಚಿಗೆ ಇಳಿದರೆ ಬಾಗದೆ ನಿಲ್ಲುವ ಶಕ್ತಿ ಎರಡು ಪಟ್ಟಿಗೂ ತುಸು ಹೆಚ್ಚಾಗುತ್ತದೆ. ಗಟ್ಟಿ ನಳಿಗೆ ಈಡಿನ ಹೊತ್ತಿಗೆ ಕಡಿಮೆ ನಡುಗುತ್ತದೆ. ಮೇಜಿನ ಮೇಲಿಟ್ಟು ಗುಂಡು ಗುಂಪು ಮಾಡುವ ಸ್ಪರ್ಧೆಗಳಲ್ಲಿ 100, 200 ಗಜಕ್ಕೆ ಬಳಸುವ ರೈಫಲ್‌ಗಳ ನಳಿಗೆ ಸಾಮಾನ್ಯವಾಗಿ 22 ಇಂಚಿನ ಆಸುಪಾಸು. ಉದ್ದದಿಂದಲೇ ಗುರಿ ಬರುವುದಾಗಿದ್ದರೆ ಅವರು ಯಾವತ್ತೋ 30 ಇಂಚು ಹಾಕಿರುತ್ತಿದ್ದರು, ಅಲ್ವಾ?

ಇನ್ನೊಂದು ಉದಾಹರಣೆ. 1963ರಲ್ಲಿ ರೆಮಿಂಗ್ಟನ್ ಎಕ್ಸ್‌ಪಿ-100 ಅನ್ನುವ ಬೋಲ್ಟ್ ಪಿಸ್ತೂಲನ್ನು ವಾರ್ಮಿಂಟ್ ಬೇಟೆಗೆಂದೇ ತಂದಿತು. ನಳಿಗೆ 11 ಇಂಚಿಗಿಂತ ಚಿಕ್ಕದು. ಗುರಿಯ ವಿಷಯದಲ್ಲಿ ಅನೇಕ ರೈಫಲ್‌ಗಳನ್ನು ನಾಚಿಸಿತು.

ಹಾಗಾದ್ರೆ ಉದ್ದದಿಂದ ಸಿಗೋದೇನು?

ವೇಗ. ಮದ್ದು ಉರಿದು ಅನಿಲವಾಗಿ ಗುಂಡನ್ನು ಹಿಂದಿನಿಂದ ತಳ್ಳುತ್ತದೆ. ಗುಂಡು ನಳಿಗೆಯೊಳಗೆ ಇರುವಷ್ಟು ಹೊತ್ತೂ ಆ ತಳ್ಳು ಇರುತ್ತದೆ. ಆದರೆ ಒತ್ತಡದ ಶಿಖರ ಮೊದಲ ಕೆಲವು ಇಂಚುಗಳಲ್ಲೇ ಮುಗಿದಿರುತ್ತದೆ. ಆಮೇಲೆ ಅನಿಲ ಹಿಗ್ಗುತ್ತಾ ಒತ್ತಡ ಇಳಿಯುತ್ತದೆ. ಹಾಗಾಗಿ 16ರಿಂದ 18ಕ್ಕೆ ಹೋದಾಗ ಸಿಗುವ ವೇಗ 24ರಿಂದ 26ಕ್ಕೆ ಹೋದಾಗ ಸಿಗುವುದಿಲ್ಲ. ಏರು ಕಡಿಮೆಯಾಗುತ್ತಾ ಹೋಗುವ ದಿಬ್ಬ ಅಂದುಕೊಳ್ಳಿ. ಒತ್ತಡಕ್ಕಿಂತ ಒಳಗಿನ ಉಜ್ಜಾಟವೇ ಜಾಸ್ತಿ ಆಗುವ ಹಂತದಲ್ಲಿ ಉದ್ದ ಸೇರಿಸಿದರೆ ವೇಗ ಕಡಿಮೆಯೇ ಆಗುತ್ತದೆ. ಬುಡದ ಅಂಚಿಗೆ ಪೆಟ್ಟು ಬಿದ್ದು ಸಿಡಿಯುವ ಸಣ್ಣ 22 ರಿಮ್‌ಫೈರ್ ತೋಟಾದಲ್ಲಿ ಅದು ಕಣ್ಣಿಗೆ ಕಾಣುತ್ತದೆ, ಮುಂದೆ ಬರುತ್ತದೆ.

## ಅಂಕಿಗಳ ಜಗಳ

ಒಂದು ಇಂಚು ಕಡಿಮೆ ಆದ್ರೆ ಎಷ್ಟು ವೇಗ ಹೋಗುತ್ತೆ?

223 ರೆಮಿಂಗ್ಟನ್ ತೋಟಾದಲ್ಲಿ 20ರಿಂದ 24 ಇಂಚಿನ ನಡುವೆ, ಇಂಚಿಗೆ ಸೆಕೆಂಡಿಗೆ 20ರಿಂದ 30 ಅಡಿ. 18 ಇಂಚಿಗಿಂತ ಕೆಳಗೆ ಇಳಿದರೆ ನಷ್ಟ ಏರುತ್ತದೆ. 22-250ಯಂಥ ದೊಡ್ಡ ಹೊಟ್ಟೆಯ ತೋಟಾದಲ್ಲಿ ಇಂಚಿಗೆ 30ರಿಂದ 40, ಕೆಲವು ಸಲ ಇನ್ನೂ ಜಾಸ್ತಿ. 22 ಹಾರ್ನೆಟ್‌ನಂಥ ಚಿಕ್ಕ ತೋಟಾದಲ್ಲಿ ಕಡಿಮೆ.

ಇದು ಅಂದಾಜು ಅಷ್ಟೇ. ಒಂದೇ ಕಂಪನಿಯ, ಒಂದೇ ಉದ್ದದ ಎರಡು ನಳಿಗೆಗಳ ನಡುವೆಯೇ 50 ಅಡಿ ವ್ಯತ್ಯಾಸ ಬರುವುದುಂಟು. ಅಂದರೆ "ವೇಗದ" 22 ಇಂಚಿನ ನಳಿಗೆ "ನಿಧಾನದ" 24 ಇಂಚಿನದನ್ನು ಹಿಂದೆ ಹಾಕಬಹುದು. ಇಂಚಿಗಾಗಿ ಜಗಳ ಆಡುವವರು ಇದನ್ನು ಮರೆಯುತ್ತಾರೆ.

ನನ್ನ 223ಗೆ 24 ಬದಲು 20 ಇಂಚು ತಗೊಂಡ್ರೆ 300 ಗಜದಲ್ಲಿ ನಾನು ಏನು ಕಳ್ಕೋತೀನಿ?

ಈ ಪ್ರಶ್ನೆ ಬಂದಾಗ ನನಗೆ ಖುಷಿ. ಕೂತು ಲೆಕ್ಕ ಹಾಕೋಣ.

55 ಗ್ರೇನಿನ, ಪ್ಲಾಸ್ಟಿಕ್ ತುದಿಯ ಸಾಮಾನ್ಯ ವಾರ್ಮಿಂಟ್ ಗುಂಡು. 24 ಇಂಚಿನ ಪರೀಕ್ಷಾ ನಳಿಗೆಯಲ್ಲಿ ಮೂತಿಯ ವೇಗ ಸೆಕೆಂಡಿಗೆ 3240 ಅಡಿ. 100 ಗಜ ಹೋಗುವಷ್ಟರಲ್ಲಿ ಅದು ಸುಮಾರು 2850ಕ್ಕೆ ಇಳಿದಿರುತ್ತದೆ. ಅಂದರೆ ಗಜಕ್ಕೆ ಹತ್ತಿರ ಹತ್ತಿರ 4 ಅಡಿ ಇಳಿಕೆ. 4 ಇಂಚು ಚಿಕ್ಕ ನಳಿಗೆಯಲ್ಲಿ 100 ಅಡಿ ವೇಗ ಹೋಯಿತು ಅಂದುಕೊಳ್ಳಿ. ಪ್ರಾಣಿ 25 ಗಜ ಹಿಂದೆ ಸರಿದು ಕೂತ ಹಾಗೆ. ಅಷ್ಟೇ.

200 ಗಜಕ್ಕೆ ಗುರಿ ಕಟ್ಟಿದ್ದರೆ, ಅಂದರೆ ಅಷ್ಟು ದೂರದಲ್ಲಿ ಗುಂಡು ಗುರಿಗೇ ಬೀಳುವ ಹಾಗೆ ಸ್ಕೋಪ್ ಹೊಂದಿಸಿದ್ದರೆ, 300 ಗಜದಲ್ಲಿ ಉದ್ದ ನಳಿಗೆಯ ಗುಂಡು ಸುಮಾರು 7 ಇಂಚು ಕೆಳಗೆ ಬೀಳುತ್ತದೆ. ಚಿಕ್ಕದರ ಗುಂಡು ಅದಕ್ಕಿಂತ ಅರ್ಧ ಇಂಚು ಕೆಳಗೆ. ಅಡ್ಡ ಗಾಳಿ ಗಂಟೆಗೆ 10 ಮೈಲಿ ಇದ್ದರೆ ಎರಡೂ 10 ಇಂಚಿನ ಆಸುಪಾಸು ಪಕ್ಕಕ್ಕೆ ಸರಿಯುತ್ತವೆ. ಎರಡರ ನಡುವಿನ ವ್ಯತ್ಯಾಸ ಅರ್ಧ ಇಂಚೂ ಇಲ್ಲ.

ಈಗ ಇದನ್ನು ನೋಡಿ. ಗಾಳಿ 10 ಮೈಲಿ ಅಂದುಕೊಂಡಿರಿ, ನಿಜವಾಗಿ 12 ಇತ್ತು. ಆ ಒಂದು ತಪ್ಪು ಅಂದಾಜಿಗೆ ಗುಂಡು 2 ಇಂಚು ಆಚೆ ಬೀಳುತ್ತದೆ. ಮೂರು ನಾಲ್ಕು ಇಂಚು ಅಗಲದ ಪ್ರಾಣಿಗೆ ಅಷ್ಟು ಸಾಕು, ಗುರಿ ತಪ್ಪಿತು. ಹುಲ್ಲಿನ ತುದಿ ನೋಡಿ 2 ಮೈಲಿ ವ್ಯತ್ಯಾಸ ಹೇಳಬಲ್ಲವರು ಎಷ್ಟು ಜನ? ನನಗಂತೂ ಕಷ್ಟ. ನಾಲ್ಕು ಇಂಚು ಉಕ್ಕಿನ ಬಗ್ಗೆ ಚಿಂತಿಸುವ ಬದಲು ಗಾಳಿ ಓದುವುದನ್ನು ಕಲಿತರೆ ಲಾಭ ಜಾಸ್ತಿ.

400 ಗಜ ದಾಟಿದ ಮೇಲೆ ಈ ವ್ಯತ್ಯಾಸ ಬೆಳೆಯುತ್ತದೆ. ಅಲ್ಲಿ ಬೀಳುವಿಕೆಯಲ್ಲೇ ಒಂದು ಇಂಚಿಗೂ ಮೇಲೆ ಫರಕು ಬರುತ್ತದೆ. ಆದರೆ ಅಷ್ಟು ದೂರಕ್ಕೆ ದಿನವಿಡೀ ಹೊಡೆಯುವವರು ಹೇಗೂ 223 ಬಿಟ್ಟು ದೊಡ್ಡ ತೋಟಾ ಹಿಡಿದಿರುತ್ತಾರೆ.

22-250, 220 ಸ್ವಿಫ್ಟ್‌ಗೂ ಇದೇ ಲೆಕ್ಕನಾ?

ಇಲ್ಲಿ ಸ್ವಲ್ಪ ಬೇರೆ. ಇವೆರಡರ ಗುಂಡಿನ ದಪ್ಪ 223ಯದ್ದೇ, ಮದ್ದು ಮಾತ್ರ ಬಹಳ ಹೆಚ್ಚು. 223ಯಲ್ಲಿ ಸುಮಾರು 25 ಗ್ರೇನ್ ಮದ್ದು ಹಿಡಿದರೆ 22-250ಯಲ್ಲಿ 35ಕ್ಕೂ ಮೇಲೆ. ಅದೇ ಸಣ್ಣ ತೂತಿನಲ್ಲಿ ಅಷ್ಟು ಅನಿಲ ಹೋಗಬೇಕು. ಮೂತಿಯ ಹತ್ತಿರವೂ ಒತ್ತಡ ಉಳಿದಿರುತ್ತದೆ. ಹಾಗಾಗಿ ಉದ್ದ ಕೊಟ್ಟರೆ ಉಪಯೋಗಿಸಿಕೊಳ್ಳುತ್ತದೆ.

1935ರಲ್ಲಿ ವಿಂಚೆಸ್ಟರ್ 220 ಸ್ವಿಫ್ಟ್ ತಂದಾಗ 48 ಗ್ರೇನಿನ ಗುಂಡಿಗೆ ಹೇಳಿದ್ದು ಸೆಕೆಂಡಿಗೆ 4110 ಅಡಿ. ಆ ಕಾಲಕ್ಕೆ ನಂಬಲಾಗದ ವೇಗ. ಅದರ ಮಾಡೆಲ್ 70 ರೈಫಲ್‌ಗೆ 26 ಇಂಚಿನ ನಳಿಗೆ ಹಾಕಿದ್ದು ಸುಮ್ನೆ ಅಲ್ಲ. ಬಹಳ ವರ್ಷ ಕೈಯಾರೆ ಮಾಡಿಕೊಳ್ಳುವ ತೋಟಾ ಆಗಿದ್ದ 22-250ಯನ್ನು ರೆಮಿಂಗ್ಟನ್ 1965ರಲ್ಲಿ ಕಾರ್ಖಾನೆಗೆ ತಂದಿತು. 2004ರ 204 ರೂಗರ್ 32 ಗ್ರೇನಿನ ಗುಂಡನ್ನು 4200 ಅಡಿ ದಾಟಿಸುತ್ತದೆ ಅಂತ ಹೆಸರಾಯಿತು. ಆ ಅಂಕಿಯೂ 26 ಇಂಚಿನ ನಳಿಗೆಯದ್ದೇ.

ಈ ಗುಂಪಿಗೆ ನನ್ನ ಸಲಹೆ 24ಕ್ಕಿಂತ ಕೆಳಗೆ ಬೇಡ. ಆ ಸದ್ದು, ಆ ಬಿಸಿ, ಬೇಗ ಸವೆಯುವ ನಳಿಗೆ, ಇದೆಲ್ಲವನ್ನೂ ಒಪ್ಪಿಕೊಂಡು ತಂದಿದ್ದೇ ವೇಗಕ್ಕಾಗಿ. ಅದನ್ನೇ ಬಿಟ್ಟುಕೊಟ್ಟರೆ ಹೇಗೆ? ಆದರೂ ಒಂದು ಮಾತು. 20 ಇಂಚಿನ 22-250 ಕೂಡ 26 ಇಂಚಿನ 223ಯನ್ನು ಹಿಂದೆ ಹಾಕುತ್ತದೆ. ಕೈಯಲ್ಲಿ ಆಗಲೇ ಚಿಕ್ಕದೊಂದು ಇದ್ದರೆ ಮಾರಲು ಓಡಬೇಡಿ.

22 ರಿಮ್‌ಫೈರ್, 17 ಎಚ್‌ಎಂಆರ್‌ಗೆ ಉದ್ದ ಬೇಕಾ?

ಬೇಡ. 22 ಲಾಂಗ್ ರೈಫಲ್ ತೋಟಾದಲ್ಲಿ ಮದ್ದು ಚಿಟಿಕೆಯಷ್ಟು. 16ರಿಂದ 19 ಇಂಚಿನೊಳಗೆ ಅದರ ಕೆಲಸ ಮುಗಿದಿರುತ್ತದೆ. 24 ಇಂಚಿನ ನಳಿಗೆಯಲ್ಲಿ ಗುಂಡು ತುಸು ನಿಧಾನವೇ ಆಗಬಹುದು. 2002ರಲ್ಲಿ ಬಂದ 17 ಎಚ್‌ಎಂಆರ್ 17 ಗ್ರೇನಿನ ಗುಂಡನ್ನು 2550 ಅಡಿಗೆ ಒಯ್ಯುತ್ತದೆ. ಅದಕ್ಕೆ 18, 20 ಇಂಚು ಧಾರಾಳ ಸಾಕು. ಇವೆರಡರಲ್ಲಿ ಉದ್ದ ನಳಿಗೆ ತಗೊಂಡರೆ ಭಾರ ಹೊರುತ್ತೀರಿ ಅಷ್ಟೆ. ಮೂತಿ ಮುಂದಕ್ಕೆ ಭಾರವಾಗಿ ಸ್ಥಿರವಾಗಿ ನಿಲ್ಲುತ್ತದೆ ಅಂತ ಕೆಲವರಿಗೆ ಇಷ್ಟ. ಆ ಕಾರಣ ಒಪ್ಪಬಹುದು.

ಡಬ್ಬಿ ಮೇಲೆ ಬರೆದ ವೇಗ ನನ್ನ ರೈಫಲ್‌ನಲ್ಲಿ ಬರ್ತಿಲ್ಲ. ಮೋಸ ಅಲ್ವಾ?

ಮೋಸ ಅಲ್ಲ. ಡಬ್ಬಿಯ ಅಂಕಿ 24 ಇಂಚಿನದೋ 26 ಇಂಚಿನದೋ ಪರೀಕ್ಷಾ ನಳಿಗೆಯದ್ದು. ನಿಮ್ಮದು 20 ಇಂಚಿದ್ದರೆ 100 ಅಡಿ ಕಡಿಮೆ ಬರುವುದು ಸಹಜ. ಚೇಂಬರಿನ ಅಳತೆ, ನಳಿಗೆಯ ಒಳಮೈ, ಅಂದಿನ ಬಿಸಿಲು ಚಳಿ, ಎಲ್ಲವೂ ಕೈ ಆಡಿಸುತ್ತವೆ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ಹತ್ತು ಈಡು ಅಳೆಯಿರಿ. ಬಂದ ಸರಾಸರಿಯನ್ನೇ ಬೀಳುವಿಕೆಯ ಲೆಕ್ಕಕ್ಕೆ ಹಾಕಿ. ಡಬ್ಬಿಯ ಅಂಕಿ ಹಾಕಿ ಹೊಡೆದು "ಸ್ಕೋಪ್ ಸರಿ ಇಲ್ಲ" ಅಂತ ವಾಪಸ್ ಕೊಟ್ಟವರನ್ನು ನಾನು ಬಲ್ಲೆ.

## ಹೊಲಕ್ಕೆ ಇಳಿದ ಮೇಲೆ

ಪ್ರೇರಿ ಡಾಗ್ ಬೇಟೆಗೆ ಹೋಗ್ತಿದ್ದೀನಿ, ದಿನಕ್ಕೆ ನೂರಾರು ಈಡು. ಯಾವುದು ಒಳ್ಳೇದು?

24 ಅಥವಾ 26, ದಪ್ಪ ನಳಿಗೆ. ಒಂದು ಮೇಜು ಹಾಕಿಕೊಂಡು, ಮರಳು ಚೀಲದ ಮೇಲೆ ರೈಫಲ್ ಇಟ್ಟು ಬೆಳಗಿನಿಂದ ಸಂಜೆ ತನಕ ಕೂರುವ ಬೇಟೆ ಇದು. ಹೊರುವ ಮಾತೇ ಇಲ್ಲ. ಉದ್ದದ ತೊಂದರೆ ಒಂದೂ ಇಲ್ಲ, ಲಾಭ ಮಾತ್ರ ಇದೆ. ಮೂತಿಯ ಸ್ಫೋಟ ಮುಖದಿಂದ ದೂರ ಹೋಗುತ್ತದೆ. ದಿನವಿಡೀ ಹೊಡೆಯುವಾಗ ಅದು ದೊಡ್ಡ ಸಂಗತಿ.

ಇಲ್ಲಿ ಉದ್ದಕ್ಕಿಂತ ದಪ್ಪದ ಬಗ್ಗೆ ಯೋಚಿಸಿ. ದಪ್ಪ ನಳಿಗೆ ನಿಧಾನ ಬಿಸಿಯಾಗುತ್ತದೆ. ಆದರೆ ಒಮ್ಮೆ ಕಾದರೆ ಆರುವುದೂ ನಿಧಾನ. ಕಾದ ನಳಿಗೆಯಿಂದ ಏಳುವ ಬಿಸಿಗಾಳಿ ಸ್ಕೋಪಿನ ಮುಂದೆ ಅಲೆ ಅಲೆಯಾಗಿ ಆಡುತ್ತದೆ, ಪ್ರಾಣಿ ನೀರಿನಡಿ ಇದ್ದ ಹಾಗೆ ಕಾಣುತ್ತದೆ. ನಳಿಗೆಯ ಉದ್ದಕ್ಕೂ ಒಂದು ಅಗಲ ಪಟ್ಟಿ ಕಟ್ಟಿ ಆ ಗಾಳಿಯನ್ನು ಪಕ್ಕಕ್ಕೆ ತಿರುಗಿಸುವವರಿದ್ದಾರೆ. ಎರಡು ರೈಫಲ್ ಒಯ್ದು ಒಂದು ಆರುವಾಗ ಇನ್ನೊಂದರಲ್ಲಿ ಹೊಡೆಯುವುದು ಇನ್ನೂ ಒಳ್ಳೆಯದು.

ಕಯೋಟಿಯನ್ನ ಕೂಗಿ ಕರೆದು ಹೊಡೀತೀವಿ. ಅದಕ್ಕೆ?

20 ಅಥವಾ 22. ಕಾರಣ ವೇಗ ಅಲ್ಲವೇ ಅಲ್ಲ. ಗಾಯಗೊಂಡ ಮೊಲದ ಕೂಗು ಹಾಕಿ ಪೊದೆಯ ಬುಡದಲ್ಲಿ ಕೂತಿರುತ್ತೀರಿ. ಕಯೋಟಿ ನೀವು ಎಣಿಸಿದ ಕಡೆಯಿಂದ ಬರುವುದಿಲ್ಲ. ಎಡದಿಂದಲೋ ಬೆನ್ನ ಹಿಂದಿನಿಂದಲೋ, ಗಾಳಿಯ ವಾಸನೆ ಹಿಡಿಯಲು ಸುತ್ತು ಹಾಕಿ ಬರುತ್ತದೆ. ಆಗ ಸದ್ದಿಲ್ಲದೆ ರೈಫಲ್ ತಿರುಗಿಸಬೇಕು. 26 ಇಂಚಿನ ದಪ್ಪ ನಳಿಗೆ ಎದುರಿನ ಕೊಂಬೆಗೆ ತಾಗಿ ಎಲೆ ಅಲ್ಲಾಡಿತೋ, ಕಯೋಟಿಯ ಬಾಲ ಮಾತ್ರ ಕಾಣುತ್ತದೆ.

ಜೊತೆಗೆ ದಿನಕ್ಕೆ ಎಂಟು ಹತ್ತು ಕಡೆ ಕೂರುತ್ತೀರಿ. ಪ್ರತಿ ಸಲ ಜೀಪ್ ಹತ್ತಿ ಇಳಿದು, ಅರ್ಧ ಮೈಲಿ ನಡೆದು. ಬಹುಪಾಲು ಈಡು 200 ಗಜದೊಳಗೆ. ಅಲ್ಲಿ 20 ಇಂಚಿನ 223ಯಲ್ಲಿ ಯಾವ ಕೊರತೆಯೂ ಇಲ್ಲ.

ನನ್ನ ಹತ್ರ ಒಂದೇ ರೈಫಲ್‌ಗೆ ದುಡ್ಡಿರೋದು. ಎರಡಕ್ಕೂ ಆಗ್ಬೇಕು.

223 ರೆಮಿಂಗ್ಟನ್, 22 ಇಂಚು, ಮಧ್ಯಮ ದಪ್ಪ. ಬೇರೆ ಯೋಚನೆ ಬೇಡ.

ಭಾರ ಎಷ್ಟು ವ್ಯತ್ಯಾಸ ಆಗುತ್ತೆ? ಒಂದೆರಡು ಇಂಚಿಗೆ ಅಷ್ಟೇನು?

ದಪ್ಪ ವಾರ್ಮಿಂಟ್ ನಳಿಗೆಯ ಅಡ್ಡಳತೆ 0.85 ಇಂಚು ಅಂತಿಟ್ಟುಕೊಳ್ಳಿ. ಒಳಗಿನ ತೂತು ಕಳೆದು ಲೆಕ್ಕ ಹಾಕಿದರೆ ಪ್ರತಿ ಇಂಚು ಉಕ್ಕು 68 ಗ್ರಾಂ ತೂಗುತ್ತದೆ. 26ರಿಂದ 20ಕ್ಕೆ ಇಳಿದರೆ 400 ಗ್ರಾಂ ಉಳಿತಾಯ. ಕೇಳಲು ಕಡಿಮೆ. ಆದರೆ ಆ ತೂಕ ಕೈಯಿಂದ ಅತಿ ದೂರದ ತುದಿಯಲ್ಲಿದೆ. ಪೊರಕೆಯನ್ನು ಹಿಡಿಯ ತುದಿಯಲ್ಲಿ ಹಿಡಿದು ಎತ್ತಿದ ಹಾಗೆ. ನಿಂತು ಹೊಡೆಯುವಾಗ ಒಂದು ನಿಮಿಷದಲ್ಲೇ ತೋಳಿಗೆ ಗೊತ್ತಾಗುತ್ತದೆ. ಬೈಪಾಡ್ ಅನ್ನುವ ಎರಡು ಕಾಲಿನ ಊರೆಯ ಮೇಲೆ ಇಟ್ಟು ಹೊಡೆಯುವವರಿಗೆ ಅದೇ ತೂಕ ವರ. ರೈಫಲ್ ಹಿಂದಕ್ಕೆ ನೆಗೆಯುವುದಿಲ್ಲ, ಗುಂಡು ಬಿದ್ದದ್ದನ್ನು ಸ್ಕೋಪಿನಲ್ಲೇ ನೋಡಬಹುದು.

ಚಿಕ್ಕ ನಳಿಗೆ ಕಿವಿ ಒಡೆಯುತ್ತೆ ಅಂತಾರೆ.

ಹೌದು, ಸದ್ದು ಜಾಸ್ತಿ. ನಳಿಗೆ ಚಿಕ್ಕದಾದಷ್ಟು ಗುಂಡು ಹೊರಬೀಳುವಾಗ ಉಳಿದ ಒತ್ತಡ ಹೆಚ್ಚು, ಆ ಸ್ಫೋಟ ನಿಮ್ಮ ಮುಖಕ್ಕೂ ಹತ್ತಿರ. ಮಜಲ್ ಬ್ರೇಕ್ ಹಾಕಿದರೆ ಹಿನ್ನೆಗೆತ ಕಡಿಮೆ, ಆದರೆ ಸದ್ದು ಪಕ್ಕಕ್ಕೂ ಹಿಂದಕ್ಕೂ ತಿರುಗುತ್ತದೆ. 223ಗೆ ಬ್ರೇಕ್ ಯಾಕೆ ಬೇಕು ಅಂತ ನನಗೆ ಇನ್ನೂ ಅರ್ಥವಾಗಿಲ್ಲ. ಪಕ್ಕದಲ್ಲಿ ಕೂತವನ ಶಾಪ ಒಂದೇ ಲಾಭ.

ಉದ್ದ ನಳಿಗೆ ಇದ್ದರೆ ಕಿವಿಗೆ ಏನೂ ಬೇಡ ಅಂದುಕೊಳ್ಳಬೇಡಿ. ಒಂದೇ ಸಲದ ಸದ್ದು 140 ಡೆಸಿಬಲ್ ದಾಟಿದರೆ ಕಿವಿಗೆ ಅಪಾಯ ಅನ್ನುವುದು ಒಪ್ಪಿತ ಮಿತಿ. ಬುಡದ ನಡುವಿಗೆ ಪೆಟ್ಟು ಬಿದ್ದು ಸಿಡಿಯುವ ತೋಟಾದ, ಅಂದರೆ ಸೆಂಟರ್‌ಫೈರ್, ರೈಫಲ್ ಯಾವ ಉದ್ದದ್ದಾದರೂ ಅದನ್ನು ಸಲೀಸಾಗಿ ದಾಟುತ್ತದೆ. ಹೋದ ಕಿವಿ ಮತ್ತೆ ಬರುವುದಿಲ್ಲ.

ಸಪ್ರೆಸರ್ ಹಾಕೋ ಯೋಚನೆ ಇದೆ. ಈಗಲೇ ಚಿಕ್ಕದು ತಗೊಂಡ್ರೆ ಸರಿನಾ?

ಸರಿ. ಸಪ್ರೆಸರ್ 6ರಿಂದ 9 ಇಂಚು ಉದ್ದ ಸೇರಿಸುತ್ತದೆ. 24 ಇಂಚಿನ ನಳಿಗೆಯ ಬೋಲ್ಟ್ ರೈಫಲ್ ಒಟ್ಟು 44 ಇಂಚಿನ ಆಸುಪಾಸು ಇರುತ್ತದೆ. ಅದಕ್ಕೆ 7 ಇಂಚಿನ ಕೊಳವೆ ಸೇರಿದರೆ ದೋಟಿಯೇ ಆಯಿತು. 18 ಇಂಚಿನದಕ್ಕೆ ಹಾಕಿದರೆ ಸಾಮಾನ್ಯ ರೈಫಲ್ಲಿನ ಅಳತೆಗೆ ಬಂದು ನಿಲ್ಲುತ್ತದೆ.

ಚಿಕ್ಕ ನಳಿಗೆಯ ದೊಡ್ಡ ದೋಷ ಸದ್ದು ತಾನೇ? ಸಪ್ರೆಸರ್ ಅದನ್ನು 20ರಿಂದ 30 ಡೆಸಿಬಲ್ ಇಳಿಸುತ್ತದೆ. ಗುಂಡು ಶಬ್ದದ ವೇಗವನ್ನು ಮೀರಿ ಹಾರುವಾಗ ಆಗುವ ಚಟೀರ್ ಸದ್ದು ಮಾತ್ರ ಹಾಗೇ ಉಳಿಯುತ್ತದೆ. ಒಂದು ಎಚ್ಚರಿಕೆ: ತೆಳು ನಳಿಗೆಯ ತುದಿಗೆ ಸಪ್ರೆಸರ್ ತೂಗುಹಾಕಿದರೆ ಗುಂಡು ಬೀಳುವ ಜಾಗ ಬದಲಾಗುತ್ತದೆ. ಹಾಕಿದ ಮೇಲೆ ಮತ್ತೆ ಗುರಿ ಕಟ್ಟಿ.

ಎಆರ್-15ಗೆ 16 ಇಂಚು ಸಾಕಾ, 20 ಬೇಕಾ?

18 ಅಥವಾ 20 ಹಾಕಿ ಅನ್ನುತ್ತೇನೆ. ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ಈ ರೈಫಲ್‌ನಲ್ಲಿ ನಳಿಗೆಯ ಉದ್ದಕ್ಕೆ ಇನ್ನೊಂದು ಕೆಲಸವೂ ಇದೆ. ನಳಿಗೆಯ ನಡುವಿನ ತೂತಿನಿಂದ ಹಿಂದಕ್ಕೆ ಬರುವ ಅನಿಲವೇ ಬೋಲ್ಟನ್ನು ತಳ್ಳುತ್ತದೆ. 20 ಇಂಚಿನದಲ್ಲಿ ಆ ಕೊಳವೆ ಉದ್ದ ಇರುವುದರಿಂದ ಒತ್ತಡ ಇಳಿದ ಮೇಲೆ ಅನಿಲ ಬರುತ್ತದೆ. ಯಂತ್ರ ಮೆತ್ತಗೆ ಓಡುತ್ತದೆ. 16 ಇಂಚಿನದೂ ಕಯೋಟಿ ಹೊಡೆಯುತ್ತದೆ, ಅನುಮಾನ ಬೇಡ. ವೇಗ ಮಾತ್ರ 24 ಇಂಚಿನದಕ್ಕಿಂತ 200 ಅಡಿಗೂ ಮೇಲೆ ಕಡಿಮೆ.

ಉದ್ದ ನಳಿಗೆನೂ ಬೇಕು, ರೈಫಲ್ ಗಿಡ್ಡನೂ ಇರ್ಬೇಕು. ಆಗುತ್ತಾ?

ಆಗುತ್ತದೆ. ಒಂದೇ ತೋಟಾ ಹಾಕುವ, ಹಿಂಭಾಗದ ಉಕ್ಕಿನ ದಿಮ್ಮಿ ಕೆಳಗೆ ಜಾರಿ ಬಾಯಿ ತೆರೆಯುವ ರೈಫಲ್‌ಗಳನ್ನು ನೋಡಿ. ರೂಗರ್ ನಂಬರ್ 1 ಆ ಜಾತಿಯದು. ಬೋಲ್ಟ್ ಹಿಂದೆ ಮುಂದೆ ಓಡುವ ಜಾಗ ಬೇಡವಾದ್ದರಿಂದ 4 ಇಂಚು ಉಳಿಯುತ್ತದೆ. 26 ಇಂಚಿನ ನಳಿಗೆ ಇದ್ದರೂ ಒಟ್ಟು ಉದ್ದ 22 ಇಂಚಿನ ಬೋಲ್ಟ್ ರೈಫಲ್ಲಿನಷ್ಟು. ಎರಡನೇ ಈಡು ನಿಧಾನ. ಪ್ರೇರಿ ಡಾಗ್ ಬೇಟೆಯಲ್ಲಿ ನಳಿಗೆ ಆರಲು ಹೇಗೂ ಬಿಡುವು ಬೇಕಲ್ಲ.

## ಇನ್ನೂ ಆಳಕ್ಕೆ

ಚಿಕ್ಕ ನಳಿಗೆಗೆ ಬೇಗ ಉರಿಯೋ ಮದ್ದು ಹಾಕ್ಬೇಕಂತೆ?

ಕೇಳಲು ತರ್ಕಬದ್ಧ, ಆದರೆ ಅಳೆದು ನೋಡಿದರೆ ನಿಲ್ಲುವುದಿಲ್ಲ. ರೈಫಲ್ ತೋಟಾದಲ್ಲಿ ಉದ್ದ ನಳಿಗೆಗೆ ಹೆಚ್ಚು ವೇಗ ಕೊಡುವ ಮದ್ದೇ ಸಾಮಾನ್ಯವಾಗಿ ಚಿಕ್ಕದಕ್ಕೂ ಹೆಚ್ಚು ವೇಗ ಕೊಡುತ್ತದೆ. ಬೇಗ ಉರಿಯುವ ಮದ್ದಿನಿಂದ ಮೂತಿಯ ಬೆಂಕಿ, ಸದ್ದು ಕಡಿಮೆ ಆಗುತ್ತದೆ. ರಾತ್ರಿ ಬೇಟೆಗೆ ಅದು ಒಳ್ಳೆಯ ಕಾರಣ. ತೋಟಾ ತುಂಬುವಾಗ ಅಚ್ಚಾದ ಕೈಪಿಡಿಯ ಅಳತೆ ಮೀರಬೇಡಿ. ಚಿಕ್ಕ ನಳಿಗೆಯ ನಷ್ಟವನ್ನು ಹೆಚ್ಚು ಮದ್ದಿನಿಂದ ತುಂಬಲು ಹೋಗುವುದು ಕೆಟ್ಟ ಬುದ್ಧಿ.

ಉದ್ದ ಕಡಿಮೆ ಆದ್ರೆ ಟ್ವಿಸ್ಟ್ ಬದಲಾಯಿಸ್ಬೇಕಾ?

ಬೇಡ. ಗುಂಡು ನೆಟ್ಟಗೆ ಹಾರುವುದು ಮುಖ್ಯವಾಗಿ ಅದರ ಉದ್ದ ಮತ್ತು ನಳಿಗೆಯೊಳಗಿನ ಸುರುಳಿಯ ಬಿಗಿಯ ಮೇಲೆ. ಆ ಬಿಗಿಗೇ ಟ್ವಿಸ್ಟ್ ಅನ್ನುವುದು. 3240ರಿಂದ 3100ಕ್ಕೆ ವೇಗ ಇಳಿದರೆ ಸ್ಥಿರತೆ ಒಂದೂವರೆ ಶೇಕಡದಷ್ಟು ಮಾತ್ರ ಇಳಿಯುತ್ತದೆ.

ಟ್ವಿಸ್ಟ್ ಬಗ್ಗೆ ಯೋಚಿಸಬೇಕಾದ್ದು ಗುಂಡಿನ ತೂಕ ನೋಡಿ. 22-250ಯ ಹಳೆಯ ಟ್ವಿಸ್ಟ್ 14 ಇಂಚಿಗೆ ಒಂದು ಸುತ್ತು. 55 ಗ್ರೇನಿನ ತನಕ ಸರಿ, ಉದ್ದನೆಯ ಭಾರದ ಗುಂಡಿಗೆ ಸಾಲದು. 223ಯಲ್ಲಿ 12ರಿಂದ 7 ಇಂಚಿನ ತನಕ ಎಲ್ಲ ಸಿಗುತ್ತದೆ. ಬರೀ ವಾರ್ಮಿಂಟ್‌ಗಾದರೆ 9 ಅಥವಾ 12 ಸಾಕು. ಬಹಳ ಬಿಗಿ ಸುರುಳಿಯಲ್ಲಿ ತೆಳು ಹೊದಿಕೆಯ ಗುಂಡು ಹಾರಿಸಿದರೆ ಗಾಳಿಯಲ್ಲೇ ಒಡೆದು ಹೋಗಬಹುದು. 7 ಇಂಚಿನ ಟ್ವಿಸ್ಟ್‌ನಲ್ಲಿ 3240 ಅಡಿ ವೇಗದ ಗುಂಡು ನಿಮಿಷಕ್ಕೆ 3,33,000 ಸುತ್ತು ತಿರುಗುತ್ತದೆ. ಅದೇ ಗುಂಡು 12 ಇಂಚಿನ ಟ್ವಿಸ್ಟ್‌ನಲ್ಲಿ 1,94,000 ಸುತ್ತು. ಉದ್ದ ನಳಿಗೆ, ಬಿಗಿ ಟ್ವಿಸ್ಟ್, ಹಗುರ ಗುಂಡು ಮೂರೂ ಸೇರಿದಾಗ ಬೂದು ಗೆರೆ ಎದ್ದು ಗುರಿಯ ಹಾಳೆಯಲ್ಲಿ ತೂತೇ ಇಲ್ಲದಿದ್ದರೆ ಬೆರಗಾಗಬೇಡಿ.

ಉದ್ದ ನಳಿಗೆ ಜಾಸ್ತಿ ದಿನ ಬಾಳುತ್ತಾ?

ನೇರವಾಗಿ ಇಲ್ಲ. ನಳಿಗೆ ಮೊದಲು ಸವೆಯುವುದು ಚೇಂಬರಿನ ಮುಂದಿನ ಗಂಟಲಲ್ಲಿ. ಉರಿಯುವ ಅನಿಲ ಅಲ್ಲೇ ಉಕ್ಕನ್ನು ಸುಡುತ್ತದೆ. ಮುಂದೆ ಎಷ್ಟು ಇಂಚು ಇದೆ ಅನ್ನುವುದು ಗಂಟಲಿಗೆ ಗೊತ್ತಿಲ್ಲ. ಕಾದ ನಳಿಗೆಯಲ್ಲಿ ಒಂದರ ಹಿಂದೊಂದು ಹೊಡೆದರೆ 220 ಸ್ವಿಫ್ಟ್ ಬೇಗ ಹಾಳಾಗುತ್ತದೆ, ಉದ್ದ ಎಷ್ಟೇ ಇರಲಿ.

ಬಳಸುದಾರಿಯಲ್ಲಿ ಒಂದು ಲಾಭ ಇದೆ. ಗಂಟಲು ಸವೆದ ಮೇಲೆ ಹಿಂದಿನಿಂದ ಒಂದು ಇಂಚಿನಷ್ಟು ಕತ್ತರಿಸಿ ಹೊಸ ಚೇಂಬರ್ ಕೊರೆಸಬಹುದು. ಶುರುವಿಗೆ 26 ಇದ್ದರೆ 25 ಉಳಿಯುತ್ತದೆ, ಯಾರಿಗೂ ಬೇಜಾರಿಲ್ಲ. ದಿನಕ್ಕೆ ನೂರಾರು ಈಡು ಹೊಡೆಯುವವರು ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯುತ್ತಾರೆ.

ಕಾನೂನು ಪ್ರಕಾರ ಎಷ್ಟು ಚಿಕ್ಕದು ಇರಬಹುದು?

ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ರೈಫಲ್ ನಳಿಗೆ 16 ಇಂಚಿಗಿಂತ ಅಥವಾ ಒಟ್ಟು ಉದ್ದ 26 ಇಂಚಿಗಿಂತ ಕಡಿಮೆ ಇದ್ದರೆ ಅದು 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್ ಅಡಿ ಬರುತ್ತದೆ. ನೋಂದಣಿ ಇಲ್ಲದೆ ಇಟ್ಟುಕೊಳ್ಳುವುದು ಅಪರಾಧ. ಬೆಸುಗೆ ಹಾಕಿ ಕೂರಿಸಿದ ಬ್ರೇಕ್ ನಳಿಗೆಯ ಲೆಕ್ಕಕ್ಕೆ ಸೇರುತ್ತದೆ, ಬಿಚ್ಚುವಂಥದ್ದು ಸೇರುವುದಿಲ್ಲ. ರಾಜ್ಯಗಳ ನಿಯಮ ಬೇರೆ ಬೇರೆ, ಸಪ್ರೆಸರ್‌ಗೂ ಅಷ್ಟೆ. ಕತ್ತರಿಸುವ ಮೊದಲು ಓದಿಕೊಳ್ಳಿ.

26 ಇಂಚಿನದು ಮನೇಲಿದೆ. ಕತ್ತರಿಸಿ 20 ಮಾಡಿಸ್ಲಾ?

ಮಾಡಿಸಬಹುದು, ಗನ್‌ಸ್ಮಿತ್ ಕೈಯಲ್ಲಿ. ಗರಗಸ ನೀವೇ ಹಿಡಿಯಬೇಡಿ. ಗುಂಡಿಗೆ ನಳಿಗೆ ಕೊನೆಯದಾಗಿ ತಾಗುವುದು ಮೂತಿಯ ಅಂಚು. ಅದಕ್ಕೆ ಕ್ರೌನ್ ಅನ್ನುತ್ತಾರೆ. ಅದು ಸುತ್ತಲೂ ಒಂದೇ ಸಮ ಇರಬೇಕು. ಒಂದು ಕಡೆ ಕೂದಲೆಳೆಯಷ್ಟು ಓರೆ ಇದ್ದರೂ ಅನಿಲ ಆ ಕಡೆಯಿಂದ ಮೊದಲು ನುಗ್ಗಿ ಗುಂಡಿನ ಬಾಲ ತಳ್ಳುತ್ತದೆ. ಲೇತ್ ಮೇಲೆ ತಿರುಗಿಸಿ ಮಾಡುವ ಕೆಲಸ ಇದು.

ಮುಂಚೆ ಮೂರು ವಿಷಯ ನೋಡಿ. ಕೆಲವು ರಿಮ್‌ಫೈರ್ ನಳಿಗೆಗಳ ಒಳಮೈ ಮೂತಿಯ ಹತ್ತಿರ ತುಸು ಬಿಗಿ ಮಾಡಿರುತ್ತಾರೆ. ಅಂಥದ್ದನ್ನು ಕತ್ತರಿಸಿದರೆ ಅದರ ಗುರಿಯ ಗುಟ್ಟೇ ಹೋಗುತ್ತದೆ. ಎರಡನೆಯದು, ಮುಂದೆ ಸಪ್ರೆಸರ್ ಹಾಕುವ ಯೋಚನೆ ಇದ್ದರೆ ಅದೇ ಸಲ ಮೂತಿಗೆ ತಿರುಪಿನ ಮರೆ ಕೊರೆಸಿಬಿಡಿ. ಎರಡು ಸಲ ರೈಫಲ್ ಬಿಚ್ಚಿಸುವುದು ಸುಮ್ನೆ ಖರ್ಚು. ಮೂರನೆಯದು ದುಡ್ಡಿಲ್ಲದ ಕೆಲಸ. ಈಗಿನ ರೈಫಲ್ಲಿನ ಮೂತಿಯಿಂದ 6 ಇಂಚು ಹಿಂದೆ ಒಂದು ಪಟ್ಟಿ ಅಂಟಿಸಿ. ಅದನ್ನೇ ಹೊತ್ತು ಒಂದು ಬೇಟೆಯ ಕಾಲ ಓಡಾಡಿ. ಪಟ್ಟಿಯ ಮುಂದಿನ ಭಾಗ ಎಷ್ಟು ಸಲ ಕೊಂಬೆಗೆ, ಬಾಗಿಲಿಗೆ, ಬೇಲಿಗೆ ತಾಗಿತು ಎಣಿಸಿ. ಎಣಿಕೆ ಎರಡು ಕೈ ಬೆರಳು ದಾಟಿದರೆ ಕತ್ತರಿಸಿ. ದಾಟದಿದ್ದರೆ ಆ ದುಡ್ಡಿಗೆ ತೋಟಾ ತಗೊಳ್ಳಿ.